ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ಬಾಂಗ್ಲಾದೇಶ ಸ್ವತಂತ್ರವಾಯಿತು. ಈ ಹೊಸ ದೇಶದ ಜಾತಕವನ್ನು ಅದಕ್ಕೂ ಮೊದಲೇ, ಅದೇ ತಿಂಗಳ ಮೊದಲ ವಾರದಲ್ಲಿ, ವಾಷಿಂಗ್ಟನ್ನಿನ ಒಂದು ಕೋಣೆಯಲ್ಲಿ ಬರೆದಾಗಿತ್ತು. ಹೆನ್ರಿ ಕಿಸಿಂಜರ್ ಅಧ್ಯಕ್ಷತೆಯ ಆ ಸಭೆಯಲ್ಲಿ ಅಧಿಕಾರಿಯೊಬ್ಬರು, ಈ ದೇಶ ಜಗತ್ತಿನ ಮುಂದೆ ಸದಾ ಕೈಯೊಡ್ಡಿಯೇ ನಿಲ್ಲಬೇಕಾದೀತು ಎಂಬರ್ಥದ ಮಾತಾಡಿದರು. ಹಾಗಾದರೂ ಅದು ಅಮೆರಿಕದ ಹೊಣೆಯಾಗಬೇಕಾಗಿಲ್ಲ ಎಂಬ ಧಾಟಿಯಲ್ಲಿ ಕಿಸಿಂಜರ್ ಉತ್ತರಿಸಿದರು. ಆ ಮಾತು ಬಂಗಾಳಿಗೆ ಬರುವ ಹೊತ್ತಿಗೆ ‘ತಳವಿಲ್ಲದ ಬುಟ್ಟಿ’ ಆಯಿತು. ಎಷ್ಟು ತುಂಬಿದರೂ ಸೋರಿಹೋಗುವ ಬುಟ್ಟಿ. ಬಾಂಗ್ಲಾದೇಶದಲ್ಲಿ ಈ ಮಾತನ್ನು ಕೇಳದ ಓದುಬಲ್ಲವರು ಇಲ್ಲವೆನ್ನಬಹುದು.

ಅದೇ ದೇಶ 2010ರಲ್ಲಿ, ಮಕ್ಕಳ ಸಾವನ್ನು ತಗ್ಗಿಸಿದ ಸಾಧನೆಗಾಗಿ ವಿಶ್ವಸಂಸ್ಥೆಯ ಪ್ರಶಸ್ತಿ ಪಡೆಯಿತು. ಬುಟ್ಟಿಗೆ ತಳ ಕೂಡಿದ್ದು ಹೇಗೆ? ಆ ತಳ ಎಷ್ಟು ಗಟ್ಟಿ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಂಡರೆ ಮಾತ್ರ ಅಲ್ಲಿಯ ಕಥೆ ಸರಿಯಾಗಿ ಅರ್ಥವಾದೀತು.

ಮೊದಲು ಗುರಿಗಳ ವಿಚಾರ. 2000ದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ರಾಷ್ಟ್ರಗಳು ಸಹಸ್ರಮಾನದ ಘೋಷಣೆಗೆ ಒಪ್ಪಿಗೆ ಕೊಟ್ಟವು. ಅದರಿಂದ ಎಂಟು ಗುರಿಗಳು ಹುಟ್ಟಿದವು. 1990ರ ಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು 2015ರೊಳಗೆ ಕಡುಬಡತನವನ್ನು ಅರ್ಧಕ್ಕೆ ಇಳಿಸುವುದು, ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ, ಐದು ವರ್ಷದೊಳಗಿನ ಮಕ್ಕಳ ಸಾವನ್ನು ಮೂರರಲ್ಲಿ ಎರಡು ಪಾಲು ತಗ್ಗಿಸುವುದು, ಬಾಣಂತಿ ಮರಣವನ್ನು ನಾಲ್ಕರಲ್ಲಿ ಮೂರು ಪಾಲು ಕಡಿಮೆ ಮಾಡುವುದು ಇತ್ಯಾದಿ. 2015ರಲ್ಲಿ ಇವುಗಳ ಜಾಗಕ್ಕೆ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಬಂದವು. ಅವುಗಳ ಗಡುವು 2030. ಇವೆಲ್ಲ ಕಾಗದದ ಮೇಲಿನ ಮಾತು. ಆದರೆ ಬಾಂಗ್ಲಾದೇಶದಲ್ಲಿ ಕೆಲಸ ಈ ಕಾಗದಕ್ಕೆ ಕಾಯಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಶೂನ್ಯಕ್ಕಿಂತ ಕೆಳಗಿನ ಆರಂಭ

1970ರ ನವೆಂಬರ್‌ನಲ್ಲಿ ಭೋಲಾ ದ್ವೀಪದ ಸುತ್ತಮುತ್ತ ಬೀಸಿದ ಚಂಡಮಾರುತ ಮೂರರಿಂದ ಐದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಮರುವರ್ಷ ಯುದ್ಧ, ಕಗ್ಗೊಲೆ, ಒಂದು ಕೋಟಿಯಷ್ಟು ಜನ ಗಡಿ ದಾಟಿ ಭಾರತಕ್ಕೆ ಬಂದ ಮಹಾ ವಲಸೆ. 1974ರಲ್ಲಿ ಕ್ಷಾಮ. ಆ ಕ್ಷಾಮವನ್ನು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಿಶ್ಲೇಷಿಸಿ ತೋರಿಸಿದ ಸಂಗತಿ ಬೆರಗು ಹುಟ್ಟಿಸುವಂಥದ್ದು: ಆ ವರ್ಷ ದೇಶದಲ್ಲಿ ತಲೆಗೆ ಸಿಗಬಹುದಾಗಿದ್ದ ಆಹಾರಧಾನ್ಯ ಹಿಂದಿನ ವರ್ಷಗಳಿಗಿಂತ ಕಡಿಮೆಯೇನೂ ಇರಲಿಲ್ಲ. ಪ್ರವಾಹದಿಂದ ಕೂಲಿ ತಪ್ಪಿತು, ಅಕ್ಕಿಯ ಬೆಲೆ ಏರಿತು, ಕೂಲಿಕಾರರ ಕೈಯಲ್ಲಿ ಕೊಳ್ಳುವ ಕಾಸಿರಲಿಲ್ಲ. ಅಕ್ಕಿ ಇದ್ದ ನಾಡಿನಲ್ಲೇ ಜನ ಹಸಿದು ಸತ್ತರು.

1976ರಲ್ಲಿ ಫಾಲೆಂಡ್ ಮತ್ತು ಪಾರ್ಕಿನ್‌ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ದೇಶದ ಮೇಲೆ ಬರೆದ ಪುಸ್ತಕದಲ್ಲಿ ಅದನ್ನು ಅಭಿವೃದ್ಧಿಯ ‘ಪರೀಕ್ಷಾ ಪ್ರಕರಣ’ ಎಂದು ಕರೆದರು. ಇಲ್ಲಿ ಅಭಿವೃದ್ಧಿ ಸಾಧ್ಯವಾದರೆ ಎಲ್ಲಿಯೂ ಸಾಧ್ಯ ಎಂಬುದು ಅದರ ಭಾವ. ಹೊಗಳಿಕೆಯಂತೆ ಕಂಡರೂ ಅದರೊಳಗಿದ್ದದ್ದು ಹತಾಶೆಯೇ.

ಬೆಲ್ಲದ ನೀರಿನ ವಿಜ್ಞಾನ

ಮೊದಲ ಗೆಲುವು ಬಂದದ್ದು ದೊಡ್ಡ ಅಣೆಕಟ್ಟಿನಿಂದಲೂ ಅಲ್ಲ, ಕಾರ್ಖಾನೆಯಿಂದಲೂ ಅಲ್ಲ. ಅಡುಗೆಮನೆಯ ಗೂಡಿನಲ್ಲಿದ್ದ ಉಪ್ಪು ಬೆಲ್ಲದಿಂದ.

ಗಂಗೆ ಬ್ರಹ್ಮಪುತ್ರೆಯರ ಮುಖಜಭೂಮಿ ಕಾಲರಾ ರೋಗದ ತವರು. ವಾಂತಿಭೇದಿ ಹಿಡಿದ ಮಗು ಸಾಯುವುದು ದೇಹದ ನೀರು, ಲವಣ ಬರಿದಾಗಿ. ನೀರು ಕುಡಿಸಿದರೆ ಅದು ನಿಲ್ಲುವುದಿಲ್ಲ, ಹೊರಗೆ ಹೋಗುತ್ತದೆ. ನರಕ್ಕೆ ಸೂಜಿ ಚುಚ್ಚಿ ಲವಣದ ದ್ರಾವಣ ಹಾಯಿಸಿದರೆ ಜೀವ ಉಳಿಯುತ್ತದೆ. ಆದರೆ ಹೊಳೆಗಳ ನಡುವಿನ ಹಳ್ಳಿಗೆ ಆ ಬಾಟಲಿ ತಲುಪುವುದೆಂತು? 1960ರ ಸುಮಾರಿಗೆ ವಿಜ್ಞಾನಿಗಳಿಗೆ ಒಂದು ಗುಟ್ಟು ತಿಳಿಯಿತು. ಕರುಳಿನ ಗೋಡೆಯಲ್ಲಿ ಸಕ್ಕರೆಯ ಅಂಶವೂ ಉಪ್ಪಿನ ಅಂಶವೂ ಜೋಡಿಯಾಗಿ ಒಳಹೋಗುವ ದ್ವಾರವೊಂದಿದೆ. ಅವೆರಡರ ಬೆನ್ನು ಹಿಡಿದು ನೀರೂ ಒಳಹೋಗುತ್ತದೆ. ಕಾಲರಾ ಎಷ್ಟೇ ಕಾಡಿದರೂ ಈ ದ್ವಾರ ಮುಚ್ಚುವುದಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಬಂಗಾಳಿ ಸಹೋದ್ಯೋಗಿಗಳು, ಉಪ್ಪು ಸಕ್ಕರೆ ಬೆರೆತ ದ್ರಾವಣವನ್ನು ಬಾಯಿಯಿಂದಲೇ ಕುಡಿಸಿ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು.

ಆಸ್ಪತ್ರೆಯ ಹೊರಗೆ ಇದರ ಪರೀಕ್ಷೆ ನಡೆದದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ನಡುವೆ. ಸೂಜಿಯ ಔಷಧ ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಸಮೀಪ ಇದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ.

ಔಷಧ ಸಿಕ್ಕಿತು. ಅದನ್ನು ಕೋಟಿ ಮನೆಗಳಿಗೆ ಒಯ್ಯುವವರು ಯಾರು? 1972ರಲ್ಲಿ ಫಜ್ಲೆ ಹಸನ್ ಅಬೇದ್ ಸ್ಥಾಪಿಸಿದ ‘ಬ್ರ್ಯಾಕ್’ ಎಂಬ ಸ್ವಯಂಸೇವಾ ಸಂಸ್ಥೆ ಈ ಹೊಣೆ ಹೊತ್ತಿತು. ಪ್ಯಾಕೆಟ್ಟು ಹಂಚುವ ಬದಲು ಮನೆಯಲ್ಲಿದ್ದುದನ್ನೇ ಅಳತೆ ಮಾಡಲು ಕಲಿಸುವುದೆಂದು ತೀರ್ಮಾನವಾಯಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. 1980ರಿಂದ 1990ರವರೆಗಿನ ಹತ್ತು ವರ್ಷಗಳಲ್ಲಿ ಅದರ ಕಾರ್ಯಕರ್ತೆಯರು ಹಳ್ಳಿ ಹಳ್ಳಿ ಸುತ್ತಿ ಸುಮಾರು 1.2 ಕೋಟಿ ಮನೆಗಳ ತಾಯಂದಿರ ಎದುರು ಕುಳಿತು ಇದನ್ನು ಕಲಿಸಿದರು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಕಾರ್ಯಕರ್ತೆಗೆ ಸಂಬಳ ಎಷ್ಟು ಮನೆ ಸುತ್ತಿದಳು ಎಂಬುದರ ಮೇಲೆ ನಿಗದಿಯಾಗಲಿಲ್ಲ. ಕೆಲವು ವಾರಗಳ ಬಳಿಕ ಬೇರೊಬ್ಬರು ಬಂದು ಆಯ್ದ ಮನೆಗಳ ತಾಯಂದಿರನ್ನು ಪ್ರಶ್ನೆ ಕೇಳುತ್ತಿದ್ದರು, ದ್ರಾವಣ ಮಾಡಿಸಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಕಲಿಸಿದವಳಿಗೆ ಅಷ್ಟು ಹಣ. ಪಾಠ ಹೇಳಿದ್ದಕ್ಕಲ್ಲ, ಪಾಠ ಉಳಿದದ್ದಕ್ಕೆ ಕೂಲಿ.

ಎರಡನೆಯದು ಇನ್ನೂ ಸ್ವಾರಸ್ಯದ ಸಂಗತಿ. ಮೊದಮೊದಲು ತಾಯಂದಿರು ಅಳತೆಯನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಕುಡಿಸಿದವರು ತೀರ ಕಡಿಮೆ. ಕಾರಣ ಹುಡುಕಿದಾಗ ಕಲಿಸುವ ಕಾರ್ಯಕರ್ತೆಯರಲ್ಲೇ ಅನೇಕರಿಗೆ ಈ ಬೆಲ್ಲದ ನೀರಿನ ಮೇಲೆ ನಂಬಿಕೆ ಇರಲಿಲ್ಲವೆಂದು ಗೊತ್ತಾಯಿತು. ತಮಗೆ ಹೊಟ್ಟೆ ಕೆಟ್ಟರೆ ಅವರು ಮಾತ್ರೆ ನುಂಗುತ್ತಿದ್ದರು! ಅವರಿಗೆ ಈ ಮದ್ದು ಏಕೆ ಕೆಲಸ ಮಾಡುತ್ತದೆಂದು ವಿವರಿಸಿ ಹೇಳಲಾಯಿತು. ಮತ್ತೊಂದು ಕಾರಣ, ಮನೆಯ ಗಂಡಸರನ್ನು ಯಾರೂ ಕೇಳಿರಲಿಲ್ಲ. ಸಂತೆ, ಮಸೀದಿ, ಶಾಲೆಗಳಲ್ಲಿ ಗಂಡಸರ ಸಭೆ ಸೇರಿಸಿದ ಮೇಲೆ ಬಳಕೆ ಏರತೊಡಗಿತು. ಬಾಯಿಪಾಠವೇ ನಂಬಿಕೆಯಲ್ಲ ಎಂಬ ಸರಳ ಸತ್ಯವನ್ನು ಒಂದು ದೇಶ ಹೀಗೆ ಕಂಡುಕೊಂಡಿತು.

ಬಾಗಿಲಿಗೆ ಬಂದ ಹೆಣ್ಣುಮಗಳು

ಗ್ರಾಮೀಣ ಬಂಗಾಳದ ಹೆಣ್ಣಿಗೆ ಪರದೆಯ ಕಟ್ಟುಪಾಡಿತ್ತು. ಅಂಗಳ ದಾಟಿ ಆಸ್ಪತ್ರೆಗೆ ಹೋಗುವುದು ಸುಲಭವಿರಲಿಲ್ಲ. ನಮ್ಮಲ್ಲಿ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ದಾರಿ ತೋರಿತ್ತು. ಆದರೆ ಚಿಕಿತ್ಸಾಲಯ ಇದ್ದಲ್ಲೇ ಇರುತ್ತದೆ. ಅದನ್ನು ಹುಡುಕಿಕೊಂಡು ಹೋಗಬೇಕಾದವಳು ಹೆಂಗಸು. ಬಾಂಗ್ಲಾದೇಶ 1970ರ ದಶಕದ ಉತ್ತರಾರ್ಧದಲ್ಲಿ ಇದನ್ನು ತಿರುವುಮುರುವು ಮಾಡಿತು. ಸಾವಿರಾರು ವಿವಾಹಿತ ಸ್ಥಳೀಯ ಮಹಿಳೆಯರನ್ನು ಕುಟುಂಬ ಕಲ್ಯಾಣ ಸಹಾಯಕಿಯರೆಂದು ನೇಮಿಸಿ, ಗರ್ಭನಿರೋಧಕಗಳನ್ನು ಚೀಲದಲ್ಲಿಟ್ಟುಕೊಟ್ಟು, ಮನೆ ಮನೆಗೆ ಕಳುಹಿಸಿತು. ಮತ್‌ಲಬ್ ಎಂಬ ಗ್ರಾಮೀಣ ಪ್ರದೇಶದಲ್ಲಿ 1966ರಿಂದಲೂ ಪ್ರತಿ ಹುಟ್ಟು, ಪ್ರತಿ ಸಾವನ್ನು ಬರೆದಿಡುವ ವ್ಯವಸ್ಥೆ ಇತ್ತು. ಅಲ್ಲಿ 1977ರಲ್ಲಿ ಆರಂಭವಾದ ಪ್ರಯೋಗ, ಮನೆಬಾಗಿಲ ಸೇವೆ ಫಲ ಕೊಡುತ್ತದೆಂಬುದನ್ನು ಅಂಕಿಯಲ್ಲೇ ತೋರಿಸಿತು.

ಫಲಿತಾಂಶ ನೋಡಿ. 1975ರಲ್ಲಿ ಸರಾಸರಿ ಒಬ್ಬ ಮಹಿಳೆ ಹೆರುತ್ತಿದ್ದ ಮಕ್ಕಳ ಸಂಖ್ಯೆ 6.3, 2011ರ ಹೊತ್ತಿಗೆ 2.3. ಬಡತನ ಹೋಗದೆ ಜನಸಂಖ್ಯೆ ತಗ್ಗದು ಎಂಬ ಪಂಡಿತರ ಮಾತನ್ನು ಓದುಬರಹ ಬಾರದ, ಭೂಮಿ ಇಲ್ಲದ ಹೆಂಗಸರು ಸುಳ್ಳು ಮಾಡಿದರು. ಬಲವಂತದ ಶಸ್ತ್ರಚಿಕಿತ್ಸೆಯ ಶಿಬಿರಗಳಿಂದ 1975-77ರ ತುರ್ತುಪರಿಸ್ಥಿತಿಯ ಭಾರತ ಕಳೆದುಕೊಂಡ ವಿಶ್ವಾಸವನ್ನು ನೆನೆದರೆ, ಬಾಗಿಲಲ್ಲಿ ಕುಳಿತು ಎಲೆಅಡಿಕೆ ಹಾಕಿಕೊಂಡು ಮಾತಾಡುವ ವಿಧಾನದ ಬೆಲೆ ತಿಳಿಯುತ್ತದೆ.

ಔಷಧದ ಕಥೆಯೂ ಹೀಗೆಯೇ. 1972ರಲ್ಲಿ ಗೊಣೊಶಾಸ್ಥ್ಯ ಕೇಂದ್ರ, ಅಂದರೆ ಜನಾರೋಗ್ಯ ಕೇಂದ್ರವನ್ನು ಕಟ್ಟಿದ ಡಾ. ಜಫ್ರುಲ್ಲಾ ಚೌಧುರಿ ಹಳ್ಳಿಯ ಹೆಣ್ಣುಮಕ್ಕಳಿಗೆ ವೈದ್ಯಕೀಯದ ಮೂಲಪಾಠ ಹೇಳಿ, ಸೈಕಲ್ ಹತ್ತಿಸಿ ಕಳುಹಿಸಿದರು. ಅವರ ಒತ್ತಾಸೆಯಿಂದ ಬಂದ 1982ರ ಔಷಧ ನೀತಿ 150 ಅಗತ್ಯ ಔಷಧಗಳ ಪಟ್ಟಿ ಮಾಡಿ, ನಿರುಪಯುಕ್ತ ಮತ್ತು ಅಪಾಯಕರ ಔಷಧಗಳನ್ನು ಮಾರುಕಟ್ಟೆಯಿಂದ ತೆಗೆದುಹಾಕಿತು. ವಿದೇಶಿ ಕಂಪನಿಗಳ ಪ್ರತಿಭಟನೆಗೆ ಅದು ಮಣಿಯಲಿಲ್ಲ. ದೇಶದೊಳಗೇ ಅಗ್ಗದ ಔಷಧ ತಯಾರಿಸುವ ಉದ್ಯಮ ಬೆಳೆಯಿತು.

ಶಾಲೆಯ ದಾರಿ

ಹೆಣ್ಣಿನ ಶಿಕ್ಷಣ ಬಂಗಾಳಕ್ಕೆ ವಿದೇಶಿ ದಾನಿಗಳು ತಂದುಕೊಟ್ಟ ವಿಚಾರವಲ್ಲ. ಇಂದಿನ ಬಾಂಗ್ಲಾದೇಶದ ರಂಗಪುರದ ಹಳ್ಳಿಯೊಂದರಲ್ಲಿ 1880ರಲ್ಲಿ ಹುಟ್ಟಿದ ಬೇಗಂ ರುಕಯ್ಯಾ ಮನೆಯೊಳಗೇ ಅಣ್ಣನಿಂದ ಇಂಗ್ಲಿಷ್ ಕಲಿತವರು. 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅವರು ಬರೆದ ‘ಸುಲ್ತಾನಳ ಕನಸು’ ಎಂಬ ಇಂಗ್ಲಿಷ್ ಕಥೆಯಲ್ಲಿ ಗಂಡಸರು ಪರದೆಯೊಳಗಿರುತ್ತಾರೆ, ಹೆಂಗಸರು ವಿಜ್ಞಾನದ ಬಲದಿಂದ ರಾಜ್ಯವಾಳುತ್ತಾರೆ. 1911ರಲ್ಲಿ ಕಲಕತ್ತೆಯಲ್ಲಿ ಅವರು ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆ ಇಂದಿಗೂ ಇದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9 ರುಕಯ್ಯಾ ದಿನ.

ಕನಸಿಗೆ ಕಾಸು ಜೋಡಿಸಿದ್ದು ಮುಂದಿನ ತಲೆಮಾರು. 1982ರಲ್ಲಿ ಚಾಂದ್‌ಪುರ ಜಿಲ್ಲೆಯ ಶಾಹ್‌ರಸ್ತಿ ಎಂಬಲ್ಲಿ ಪ್ರೌಢಶಾಲೆಗೆ ಹೋಗುವ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡುವ ಪ್ರಯೋಗ ನಡೆಯಿತು. 1994ರಲ್ಲಿ ಅದು ದೇಶದ ಗ್ರಾಮೀಣ ಭಾಗಕ್ಕೆಲ್ಲ ವಿಸ್ತರಿಸಿತು. ಷರತ್ತು ಮೂರು: ನೂರಕ್ಕೆ 75ರಷ್ಟು ಹಾಜರಿ, ಪರೀಕ್ಷೆಯಲ್ಲಿ ಕನಿಷ್ಠ 45 ಅಂಕ, ಮತ್ತು ಮದುವೆಯಾಗಿರಬಾರದು. ಮೂರನೆಯ ಷರತ್ತಿನಲ್ಲಿ ಒಂದು ಸಾಮಾಜಿಕ ಜಾಣತನವಿದೆ. ಮಗಳನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಅಪ್ಪನಿಗೆ ನೆರೆಹೊರೆಯ ಮುಂದೆ ಹೇಳಲು ಒಂದು ಕಾರಣ ಸಿಕ್ಕಿತು. 1980ರ ದಶಕದಲ್ಲಿ ಪ್ರೌಢಶಾಲೆಗಳಲ್ಲಿ ಮೂರನೆಯ ಒಂದು ಭಾಗದಷ್ಟಿದ್ದ ಹುಡುಗಿಯರು ಹೊಸ ಶತಮಾನದ ಆರಂಭಕ್ಕೆ ಹುಡುಗರನ್ನು ಮೀರಿದರು. ಇತ್ತ ಬ್ರ್ಯಾಕ್ 1985ರಲ್ಲಿ 22 ಒಂದೇ ಕೋಣೆಯ ಶಾಲೆಗಳಿಂದ ಆರಂಭಿಸಿ, ಬಡ ಮಕ್ಕಳಿಗಾಗಿ ಹತ್ತಾರು ಸಾವಿರ ಶಾಲೆ ನಡೆಸುವಷ್ಟು ಬೆಳೆಯಿತು. 1993ರಲ್ಲಿ ಸರ್ಕಾರ ಮಗುವನ್ನು ಪ್ರಾಥಮಿಕ ಶಾಲೆಗೆ ಕಳುಹಿಸುವ ಬಡ ಕುಟುಂಬಕ್ಕೆ ಗೋಧಿ ಕೊಡುವ ಯೋಜನೆ ತಂದಿತು.

ಹೊಲಿಗೆ ಯಂತ್ರದ ಸದ್ದು

ಶಾಲೆ ಕಲಿತ ಹುಡುಗಿಗೆ ಕೆಲಸವೂ ಬೇಕಷ್ಟೆ. 1978ರಲ್ಲಿ ಬಾಂಗ್ಲಾದೇಶದ ‘ದೇಶ್’ ಎಂಬ ಕಂಪನಿ ದಕ್ಷಿಣ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು, ನೂರಕ್ಕೂ ಹೆಚ್ಚು ಮಂದಿಯನ್ನು ತರಬೇತಿಗೆ ಕೊರಿಯಾಕ್ಕೆ ಕಳುಹಿಸಿತು. ಹಿಂತಿರುಗಿ ಬಂದವರಲ್ಲಿ ಅನೇಕರು ತಾವೇ ಗಾರ್ಮೆಂಟ್ಸ್ ತೆರೆದರು. ಈ ಉದ್ಯಮ ಸುಮಾರು 40 ಲಕ್ಷ ಮಂದಿಗೆ ಕೆಲಸ ಕೊಡುವಷ್ಟು ಬೆಳೆಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಬೆಂಗಳೂರಿನ ಪೀಣ್ಯದಲ್ಲಿ ಬೆಳಗಿನ ಪಾಳಿಗೆ ಸಾಲಾಗಿ ನಡೆದುಹೋಗುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕಂಡವರಿಗೆ ಢಾಕಾದ ಬೀದಿಗಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕಾರ್ಖಾನೆಗಳು ಹತ್ತಿರವಿರುವ ಹಳ್ಳಿಗಳಲ್ಲಿ ಹುಡುಗಿಯರು ಹೆಚ್ಚು ಓದುತ್ತಾರೆ, ತಡವಾಗಿ ಮದುವೆಯಾಗುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಕೊಲ್ಲಿ ದೇಶಗಳಿಂದ ದುಡಿಯುವ ಗಂಡಸರು ಕಳುಹಿಸಿದ ಹಣವೂ ಹಳ್ಳಿಗಳಿಗೆ ಹರಿಯಿತು. ಅಧಿಕ ಇಳುವರಿಯ ತಳಿ ಮತ್ತು ನೀರಾವರಿಯಿಂದ ಬೇಸಿಗೆಯ ಭತ್ತ ಹೆಚ್ಚಿತು. ಸರ್ಕಾರದ ಸಮೀಕ್ಷೆಗಳ ಪ್ರಕಾರ 1991-92ರಲ್ಲಿ ಶೇಕಡಾ 56.7ರಷ್ಟಿದ್ದ ಬಡವರು 2010ಕ್ಕೆ 31.5, 2016ಕ್ಕೆ 24.3, 2022ಕ್ಕೆ 18.7 ಆದರು.

ಈ ಸಂಖ್ಯೆಗಳಿಗೆ ತೆತ್ತ ಬೆಲೆಯೂ ದಾಖಲಾಗಿದೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಅಂಗಡಿ, ಬ್ಯಾಂಕುಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಒಳಗೆ ಕಳುಹಿಸಲಾಯಿತು. ಬಡತನ ಇಳಿಸುವ ಗುರಿಯ ಲೆಕ್ಕದಲ್ಲಿ ಆ ಕಾರ್ಮಿಕರೆಲ್ಲ ‘ಮೇಲೆದ್ದವರು’ ಎಂದೇ ಎಣಿಕೆಯಾಗಿದ್ದರು.

2015ರ ಲೆಕ್ಕಪತ್ರ

ಗಡುವು ಬಂದಾಗ ಬಾಂಗ್ಲಾದೇಶದ ಲೆಕ್ಕ ಹೀಗಿತ್ತು. ಐದು ವರ್ಷದೊಳಗಿನ ಮಕ್ಕಳ ಸಾವು 1990ರಲ್ಲಿ ಸಾವಿರಕ್ಕೆ ಸುಮಾರು 145 ಇದ್ದದ್ದು 38ಕ್ಕೆ ಇಳಿದಿತ್ತು, ಗುರಿ ಮುಟ್ಟಿತು. ಬಡತನ ಅರ್ಧವಾಯಿತು, ಗುರಿ ಮುಟ್ಟಿತು. ಪ್ರಾಥಮಿಕ ಶಾಲೆಗೆ ಸೇರುವುದರಲ್ಲಿ ಹೆಣ್ಣು ಗಂಡಿನ ಅಂತರ ಅಳಿಯಿತು. ಬಾಣಂತಿ ಮರಣ ವಿಶ್ವಸಂಸ್ಥೆಯ ಆಗಿನ ಅಂದಾಜಿನಂತೆ ಲಕ್ಷ ಜನನಗಳಿಗೆ 569ರಿಂದ 176ಕ್ಕೆ ಬಂತು. ದೊಡ್ಡ ಇಳಿಕೆಯೇ ಸರಿ, ಆದರೆ 143ರ ಗುರಿ ತಪ್ಪಿತು. ತರಬೇತಿ ಪಡೆದವರ ಕೈಯಲ್ಲಿ ಆದ ಹೆರಿಗೆಗಳು ಶೇಕಡಾ 5ರಿಂದ 42ಕ್ಕೆ ಏರಿದರೂ ಅರ್ಧ ದಾಟಲಿಲ್ಲ.

ಭಾರತದೊಡನೆ ಹೋಲಿಸಿದರೆ ಇದರ ತೂಕ ತಿಳಿಯುತ್ತದೆ. 1990ರಲ್ಲಿ ಮಕ್ಕಳ ಸಾವಿನ ಪ್ರಮಾಣ ಬಾಂಗ್ಲಾದೇಶದಲ್ಲಿ ಭಾರತಕ್ಕಿಂತ ಹೆಚ್ಚಿತ್ತು. 2011ರ ಹೊತ್ತಿಗೆ, ಭಾರತದ ತಲಾ ಆದಾಯ ಸುಮಾರು ಇಮ್ಮಡಿಯಿದ್ದರೂ, ಮಕ್ಕಳ ಸಾವು ಅಲ್ಲಿಯೇ ಕಡಿಮೆ. ಅಮರ್ತ್ಯ ಸೇನ್ ಮತ್ತು ಜಾನ್ ದ್ರೇಜ್ 2013ರ ತಮ್ಮ ಪುಸ್ತಕದಲ್ಲಿ ಭಾರತೀಯರ ಗಮನವನ್ನು ಈ ಕಡೆಗೇ ಸೆಳೆದರು. ಹಣ ಮೊದಲು, ಆರೋಗ್ಯ ಆಮೇಲೆ ಎಂಬ ಕ್ರಮ ದೈವನಿಯಮವೇನಲ್ಲ.

ಚಂಡಮಾರುತದ ಲೆಕ್ಕವನ್ನು ಎಂಟು ಗುರಿಗಳಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಅದನ್ನಿಲ್ಲಿ ಹೇಳಬೇಕು. 1970ರಲ್ಲಿ ಲಕ್ಷಗಟ್ಟಲೆ, 1991ರಲ್ಲಿ ಸುಮಾರು 1.4 ಲಕ್ಷ, 2007ರ ‘ಸಿದ್ರ್’ನಲ್ಲಿ ಸುಮಾರು 3,400 ಸಾವು. ಬಿರುಗಾಳಿ ಸೌಮ್ಯವಾಗಲಿಲ್ಲ. 1972ರಲ್ಲಿ ಆರಂಭವಾದ ಮುನ್ಸೂಚನಾ ಕಾರ್ಯಕ್ರಮದ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು, ಬಾವುಟ ಏರಿಸಿ, ಜನರನ್ನು ಕಾಂಕ್ರೀಟ್ ಆಸರೆಮನೆಗಳಿಗೆ ಸಾಗಿಸಿದ್ದರಿಂದ ಬಂದ ವ್ಯತ್ಯಾಸವಿದು.

ಕೆಂಪು ಬಣ್ಣ ಬಳಿದ ಪಂಪು

ಈಗ ಬುಟ್ಟಿಯ ತಳ ಎಷ್ಟು ಗಟ್ಟಿ ಎಂಬ ಎರಡನೆಯ ಪ್ರಶ್ನೆ. ಕೆರೆಕುಂಟೆಗಳ ಕೊಳಕು ನೀರೇ ಭೇದಿಗೆ ಮೂಲವೆಂದು 1970ರ ದಶಕದಿಂದ ಸರ್ಕಾರ ಮತ್ತು ಯುನಿಸೆಫ್ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದವು. ಜನರೂ ತಾವಾಗಿ ಹಾಕಿಸಿಕೊಂಡರು. ‘ಸುರಕ್ಷಿತ ನೀರು’ ಎಂಬ ಕಲಮಿನಲ್ಲಿ ದೇಶಕ್ಕೆ ಒಳ್ಳೆಯ ಅಂಕ ಬಂತು. ಆ ನೀರಿನಲ್ಲಿ ರೋಗಾಣುಗಳಿರಲಿಲ್ಲ, ನಿಜ. ಆದರೆ ಹಿಮಾಲಯದಿಂದ ಹರಿದುಬಂದ ಮೆಕ್ಕಲಿನ ಆಳದಲ್ಲಿ ನಿಸರ್ಗದ್ದೇ ಆದ ಪಾಷಾಣ, ಅಂದರೆ ಆರ್ಸೆನಿಕ್ ಇತ್ತು. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಪತ್ತೆಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನ 3.5 ಕೋಟಿಯಿಂದ 7.7 ಕೋಟಿ ಜನ ಅಪಾಯದಲ್ಲಿದ್ದಾರೆಂದು ಅಂದಾಜು ಮಾಡಿ, ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಇದೆಂದಿತು.

ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳ ಪರೀಕ್ಷೆಯಾಯಿತು. ಕುಡಿಯಬಹುದಾದ ಪಂಪಿಗೆ ಹಸಿರು, ಕುಡಿಯಬಾರದ್ದಕ್ಕೆ ಕೆಂಪು ಬಳಿದರು. ಅಂಗೈಯಲ್ಲಿ ಗಂಟು, ಮೈಮೇಲೆ ಕಲೆ ಎದ್ದ ಹೆಣ್ಣುಮಕ್ಕಳಿಗೆ ಮದುವೆ ಕುದುರಲಿಲ್ಲ. ಕೆಲವರನ್ನು ಗಂಡನ ಮನೆಯವರು ತವರಿಗೆ ಅಟ್ಟಿದರು. ಬಳಿದ ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಎದ್ದವು, ಸಮಸ್ಯೆ ಮುಗಿಯಲಿಲ್ಲ. ‘ಪಂಪು ಇದೆಯೇ’ ಎಂದು ಕೇಳುವ ಲೆಕ್ಕ ‘ನೀರಿನಲ್ಲಿ ಏನಿದೆ’ ಎಂದು ಕೇಳದಿದ್ದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಸಿಗದು.

ಕೆರೆಯಂಚಿನ ಮಗು

ಇನ್ನೊಂದು ಉದಾಹರಣೆ ಮನಸ್ಸನ್ನು ಕಲಕುವಂಥದ್ದು. ಭೇದಿ, ದಡಾರ, ಧನುರ್ವಾತಗಳು ಹಿಂದೆ ಸರಿದಂತೆ, ಒಂದರಿಂದ ನಾಲ್ಕು ವರ್ಷದ ಮಕ್ಕಳನ್ನು ಕೊಲ್ಲುವ ಕಾರಣಗಳಲ್ಲಿ ಒಂದು ಮುಂದಿನ ಸಾಲಿಗೆ ಬಂತು. ಅದು ರೋಗವಲ್ಲ, ನೀರಿನಲ್ಲಿ ಮುಳುಗುವುದು. ಈ ಸೀಮೆಯಲ್ಲಿ ಮನೆಗೊಂದು ಹೊಂಡ. ತಗ್ಗು ನೆಲದಲ್ಲಿ ಮನೆ ಕಟ್ಟಲು ಮಣ್ಣು ತೆಗೆದ ಗುಂಡಿಯೇ ಮೀನಿಗೂ ಪಾತ್ರೆ ತೊಳೆಯುವುದಕ್ಕೂ ಆಗುತ್ತದೆ. ಹೆಚ್ಚಿನ ಸಾವುಗಳು ಆಗುವುದು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ನಡುವೆ, ಅಂಗಳದಿಂದ ಕೂಗಳತೆಯಲ್ಲಿ, ತಾಯಿ ಅಡುಗೆಯಲ್ಲೋ ಗದ್ದೆಯಲ್ಲೋ ಇದ್ದಾಗ.

ಉಪ್ಪು ಬೆಲ್ಲದ ನೀರಿನಿಂದ ಉಳಿದ ಮಗು ಹೊಂಡಕ್ಕೆ ಬಿದ್ದು ಸಾಯುವುದನ್ನು ಯಾವ ಗುರಿಯೂ ಹೆಸರಿಸಿರಲಿಲ್ಲ. ಅಲ್ಲಿಯವರೇ ಎಣಿಸಿ ಕಂಡುಕೊಂಡರು. ಪರಿಹಾರವೂ ಅಷ್ಟೇ ಸರಳ. ಊರಿನ ಒಬ್ಬಳು ಹೆಂಗಸು ಆ ನಾಲ್ಕು ಗಂಟೆ ಇಪ್ಪತ್ತೈದು ಮಕ್ಕಳನ್ನು ಒಂದೆಡೆ ಕೂರಿಸಿ ನೋಡಿಕೊಳ್ಳುವುದು. ಇಂಥ ಶಿಶುಮನೆಗೆ ಅಲ್ಲಿ ‘ಆಂಚಲ’ ಎಂದು ಹೆಸರು, ಅಂದರೆ ಸೆರಗು. 2021ರಲ್ಲಿ ಬಾಂಗ್ಲಾದೇಶ ಮತ್ತು ಐರ್ಲೆಂಡ್ ಮುಂದಿಟ್ಟ ಠರಾವನ್ನು ವಿಶ್ವಸಂಸ್ಥೆ ಒಪ್ಪಿ, ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಸಾರಿತು. ಗುರಿಗಳನ್ನು ಹೊರಗಿನಿಂದ ಪಡೆದ ದೇಶ ಜಗತ್ತಿಗೆ ತಾನೇ ಒಂದು ಗುರಿ ಕೊಟ್ಟಿತು.

ಅಂಕಿಗಳ ಋಣ

ಉಳಿದ ಕೆಲಸ ಸಣ್ಣದಲ್ಲ. 2022ರ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ 31. 2030ರ ಗುರಿ 25. ಸರಾಸರಿ ಮಕ್ಕಳ ಸಂಖ್ಯೆ ಹತ್ತು ವರ್ಷದಿಂದ 2.3ರಲ್ಲೇ ನಿಂತಿತ್ತು. ಹೆರಿಗೆ ಆಸ್ಪತ್ರೆಗೆ ಬಂದದ್ದೇನೋ ಹೌದು; ಆದರೆ ಅದೇ ಸಮೀಕ್ಷೆಯ ಪ್ರಕಾರ ನೂರು ಹೆರಿಗೆಗಳಲ್ಲಿ 45 ಸಿಸೇರಿಯನ್, ಅವುಗಳಲ್ಲಿ ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಒಂದು ಕಾಲಕ್ಕೆ ಶಸ್ತ್ರಚಿಕಿತ್ಸೆ ಸಿಗದೆ ಸಾಯುತ್ತಿದ್ದ ನಾಡಿನಲ್ಲಿ ಬೇಡದ ಶಸ್ತ್ರಚಿಕಿತ್ಸೆಗೆ ಸಾಲ ಮಾಡುವ ಸ್ಥಿತಿ ಬಂತು. ಮದುವೆಯ ಷರತ್ತಿನ ವಿದ್ಯಾರ್ಥಿವೇತನ ಬಂದು ಮೂರು ದಶಕವಾದರೂ ಸುಮಾರು ಅರ್ಧದಷ್ಟು ಹುಡುಗಿಯರ ಮದುವೆ 18 ತುಂಬುವ ಮೊದಲೇ ಆಗುತ್ತಿದೆಯೆಂದು ಸಮೀಕ್ಷೆಗಳು ಹೇಳುತ್ತವೆ. ಶಾಲೆಗೆ ಬಂದ ಮಕ್ಕಳೆಲ್ಲ ಓದಲು ಕಲಿತಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಸಮಾಧಾನಕರವಲ್ಲ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಎದ್ದದ್ದು 2024ರಲ್ಲಿ. ಸರ್ಕಾರಿ ಹುದ್ದೆಗಳ ಮೀಸಲಾತಿಯ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು. ನೂರಾರು ಸಾವುಗಳ ಬಳಿಕ ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟರು. ಬಡವರಿಗೆ ಸಾಲ ಕೊಡುವ ಗ್ರಾಮೀಣ ಬ್ಯಾಂಕಿಗಾಗಿ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಮುಹಮ್ಮದ್ ಯೂನುಸ್ ಮಧ್ಯಂತರ ಸರ್ಕಾರದ ಹೊಣೆ ಹೊತ್ತರು. ಆ ಸರ್ಕಾರ ನೇಮಿಸಿದ ಸಮಿತಿಯ ಶ್ವೇತಪತ್ರ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದು, ಹಿಂದಿನ ವರ್ಷಗಳ ಆರ್ಥಿಕ ಬೆಳವಣಿಗೆಯ ಅಂಕಿಗಳನ್ನು ಉಬ್ಬಿಸಲಾಗಿತ್ತೆಂದು ಹೇಳಿತು. 2025ರಲ್ಲಿ ಢಾಕಾದ ಸಂಶೋಧನಾ ಸಂಸ್ಥೆಯೊಂದು ನಡೆಸಿದ ಸಮೀಕ್ಷೆಯಲ್ಲಿ ಬಡವರ ಪ್ರಮಾಣ ಮತ್ತೆ ಏರಿ ಶೇಕಡಾ 28ರ ಸಮೀಪ ಬಂದಿತ್ತು.

ಹಾಗಾದರೆ ಸಾಧನೆಯೆಲ್ಲ ಸುಳ್ಳೇ? ಅಲ್ಲ. ಇಲ್ಲಿಯೇ ವಿವೇಕ ಬೇಕು. ಬೆಳವಣಿಗೆಯ ದರ ಕಚೇರಿಯಲ್ಲಿ ಕೂಡಿ ಕಳೆದು ಬರುವ ಸಂಖ್ಯೆ. ಅದನ್ನು ತಿದ್ದುವುದು ಸುಲಭ. ಮತ್‌ಲಬ್‌ನ ದಾಖಲೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದೊಂದು ಸಾಲಿದೆ. ಬೇರೆ ಬೇರೆ ಸಂಸ್ಥೆಗಳು ಮನೆ ಮನೆಗೆ ಹೋಗಿ ತಾಯಂದಿರನ್ನು ಕೇಳಿ ಬರೆದುಕೊಂಡ ಸಮೀಕ್ಷೆಗಳೂ ಅದೇ ದಿಕ್ಕನ್ನು ತೋರಿಸುತ್ತವೆ. ಬದುಕಿದ ಮಕ್ಕಳು ಬದುಕಿದ್ದಾರೆ. ಅದನ್ನು ಯಾವ ಸರ್ಕಾರವೂ ಉಬ್ಬಿಸಬೇಕಾಗಿಲ್ಲ, ಯಾವ ಸರ್ಕಾರವೂ ತನ್ನ ಹೆಸರಿಗೆ ಬರೆದುಕೊಳ್ಳುವಂತೆಯೂ ಇಲ್ಲ.

ಬಾಂಗ್ಲಾದೇಶದ ಅರ್ಧ ಶತಮಾನ ಕಲಿಸುವ ಪಾಠವಿದ್ದರೆ ಅದು ಎಣಿಕೆಯ ಬಗೆಗಿನ ಪಾಠ. ಎಣಿಸದೆ ಗುರಿ ಮುಟ್ಟಲಾಗದು. ಆದರೆ ಏನನ್ನು ಎಣಿಸಬೇಕೆಂಬುದು ಅಂಗಳದಲ್ಲಿ ಕುಳಿತವರಿಗೆ ಮೊದಲು ಕಾಣುತ್ತದೆ, ಸಭಾಂಗಣದಲ್ಲಿ ಕುಳಿತವರಿಗೆ ಆಮೇಲೆ. ತಾಯಿಗೆ ಎಷ್ಟು ನೆನಪಿದೆ ಎಂದು ಕೇಳಿ ಕೂಲಿ ಕೊಟ್ಟಾಗ ಅಲ್ಲಿ ಯೋಜನೆ ಗೆದ್ದಿತು. ಪಂಪುಗಳನ್ನು ಎಣಿಸಿ ನೀರನ್ನು ಪರೀಕ್ಷಿಸದೆ ಬಿಟ್ಟಾಗ ಸೋತಿತು. 2030ರ ಗಡುವು ಬಂದಾಗ ಆ ದೇಶ ಎಷ್ಟು ಗುರಿಗಳ ಮುಂದೆ ಸರಿ ಗುರುತು ಹಾಕಿಕೊಳ್ಳುತ್ತದೋ ಕಾದು ನೋಡಬೇಕು. ತಳವಿಲ್ಲದ ಬುಟ್ಟಿ ಎಂಬ ಮಾತಂತೂ ಈಗ ಸಲ್ಲದು. ಬುಟ್ಟಿ ಹೆಣೆದ ಕೈಗಳು ಯಾರವೆಂಬುದು ಅಲ್ಲಿಯ ಹಳ್ಳಿಗಳಿಗೆ ಗೊತ್ತು.